ಹನ್ನೆರಡು ಸರ್ವೋ, ನಾಲ್ಕು ಕಾಲು: ಅಗ್ಗದ ನಡೆಯುವ ರೋಬಾಟ್ ಕಿಟ್, ಎರಡು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಬಿಚ್ಚಿ, ಸ್ವಿಚ್ ಒತ್ತಿದ ಕೂಡಲೇ ನಾಯಿಮರಿ ಥರ ಮನೆಯೆಲ್ಲ ಓಡಾಡಬೇಕು ಅನ್ನುವವರಿಗೆ ಈ ಕಿಟ್ ಬೇಡ. ಒಂದು ಕಾಲು ಎತ್ತಿದಾಗ ಉಳಿದ ಮೂರಕ್ಕೆ ಏನಾಗುತ್ತದೆ, ರೋಬಾಟ್ ಬಿದ್ದದ್ದು ಯಾಕೆ, ತಪ್ಪು ತೂಕದ್ದೋ ಲೆಕ್ಕದ್ದೋ ವೈರಿನದ್ದೋ ಅಂತ ಕೈಯಾರೆ ಹುಡುಕುವ ಆಸೆ ಇದ್ದರೆ ಖಂಡಿತ ತಗೊಳ್ಳಿ. ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಎಲ್ಲಿ ಹೋಯಿತು ಅನ್ನುವುದನ್ನು ವಿವರವಾಗಿ ಬರೆದಿದ್ದೇನೆ, ಯಾಕೆಂದರೆ ಕೊಳ್ಳುವ ಮೊದಲು ನನಗೆ ಯಾರಾದರೂ ಅದನ್ನು ಹೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.

ಕಿಟ್ಟಿನ ಹೆಸರು ಬರೆದಿಲ್ಲ. ಇದೇ ವಿನ್ಯಾಸ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಳಗಿರುವ ಸಾಮಾನು ಹೆಚ್ಚುಕಡಿಮೆ ಒಂದೇ. ಹೆಸರು ನೋಡುವುದಕ್ಕಿಂತ ಒಳಗೆ ಯಾವ ಮೋಟರು, ಯಾವ ಬೋರ್ಡು ಅಂತ ನೋಡಿ.

ನಾನು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕಿಟ್ ತಂದದ್ದು ನಾಲ್ಕು ಜನ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ. ಆದರೆ ಮೊದಲು ಜೋಡಿಸಿದ್ದು ಮನೆಯಲ್ಲಿ, ಅಣ್ಣನ ಮಗಳ ಜೊತೆ. ಅವಳು ಒಂಬತ್ತನೇ ಕ್ಲಾಸು. ಹಾಗಾಗಿ ಶಾಲೆಯ ಮಕ್ಕಳಿಗೆ ಎಷ್ಟು ದಕ್ಕುತ್ತದೆ, ಕಾಲೇಜಿನವರಿಗೆ ಎಷ್ಟು ದಕ್ಕುತ್ತದೆ ಎರಡೂ ಕಣ್ಣಾರೆ ನೋಡಿದ್ದಾಯಿತು.

ಪೆಟ್ಟಿಗೆಯಲ್ಲಿ ಇರುವುದು: 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಭಾಗಗಳು, 12 ಸರ್ವೋ ಮೋಟರು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಚಿಕ್ಕ ಮೋಟರು), ಪ್ರೋಗ್ರಾಂ ಓಡಿಸುವ ಒಂದು ಇಎಸ್‌ಪಿ32 ಬೋರ್ಡು, ಸರ್ವೋಗಳಿಗೆ ಸಿಗ್ನಲ್ ಕೊಡುವ ಪಿಸಿಎ9685 ಬೋರ್ಡು, ವಾಲುವಿಕೆ ತಿಳಿಸುವ ಎಂಪಿಯು6050 ಸೆನ್ಸರು, ವೋಲ್ಟೇಜ್ ಇಳಿಸುವ ಒಂದು ಕನ್ವರ್ಟರ್, ಒಂದು ಚೀಲ ಸ್ಕ್ರೂ. ಬ್ಯಾಟರಿ ನಾವೇ ತರಬೇಕು. ಒಂದು ಕಾಲಿಗೆ ಮೂರು ಸರ್ವೋ: ಸೊಂಟ ಅಕ್ಕಪಕ್ಕ ಸರಿಯಲು ಒಂದು, ತೊಡೆ ಹಿಂದೆಮುಂದೆ ಬೀಸಲು ಒಂದು, ಮಂಡಿ ಮಡಚಲು ಒಂದು. ಸರ್ವೋಗಳು ಎಂಜಿ996ಆರ್ ಜಾತಿಯವು, ಲೋಹದ ಗೇರು, ಒಂದೊಂದು 55 ಗ್ರಾಂ. 12 ಸೇರಿದರೆ 660 ಗ್ರಾಂ. ಬ್ಯಾಟರಿ ಹಾಕಿ ತೂಗಿದಾಗ ಇಡೀ ರೋಬಾಟ್ 1.3 ಕೆಜಿ ಬಂತು. ಅರ್ಧ ತೂಕ ಮೋಟರುಗಳದ್ದೇ. ತನ್ನನ್ನು ಹೊರುವ ಮೋಟರನ್ನೇ ತಾನು ಹೊತ್ತು ನಡೆಯಬೇಕು ನೋಡಿ, ನಡೆಯುವ ರೋಬಾಟಿನ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಪ್ಲಾಸ್ಟಿಕ್ ಭಾಗಗಳು ಚೆನ್ನಾಗಿವೆ. ತೊಡೆಯ ಭಾಗವನ್ನು ನಿಲ್ಲಿಸದೆ ಮಲಗಿಸಿ ಪ್ರಿಂಟ್ ಮಾಡಿದ್ದಾರೆ, ಪದರಗಳು ಕಾಲಿನ ಉದ್ದಕ್ಕೆ ಓಡುತ್ತವೆ. ನಿಲ್ಲಿಸಿ ಮಾಡಿದ್ದರೆ ಪದರ ಬಿಟ್ಟುಕೊಂಡು ಅಡ್ಡಕ್ಕೆ ಲಟಕ್ಕನೆ ಮುರಿಯುತ್ತಿತ್ತು. ಎರಡು ತಿಂಗಳಲ್ಲಿ ಟೇಬಲ್ಲಿಂದ ಎರಡು ಸಲ ಬಿದ್ದಿದೆ, ಪಾದದ ತುದಿ ಒಂದು ಸೀಳಿದ್ದು ಬಿಟ್ಟರೆ ಕಾಲು ಮುರಿದಿಲ್ಲ. ಪ್ರಿಂಟ್ ಮಾಡುವ ಫೈಲುಗಳನ್ನೂ ಕೊಡುತ್ತಾರೆ, ಆ ಪಾದವನ್ನು ನಾವೇ ಪ್ರಿಂಟ್ ಮಾಡಿಕೊಂಡೆವು. ಕಲಿಸುವ ಕೆಲಸಕ್ಕೆ ತಗೊಳ್ಳುವಾಗ ಇದನ್ನು ಮೊದಲು ವಿಚಾರಿಸಿ. ಫೈಲು ಕೊಡದ ಕಿಟ್‌ನಲ್ಲಿ ಒಂದು ಕಾಲು ಮುರಿದರೆ ಇಡೀ ರೋಬಾಟ್ ಮೂಲೆ ಸೇರುತ್ತದೆ.

ಇನ್ನು ಜೋಡಣೆ. ಇಲ್ಲಿ ಮೊದಲ ತಕರಾರು.

ಸರ್ವೋದ ತಿರುಗುವ ತುದಿಗೆ 25 ಹಲ್ಲುಗಳಿವೆ. ಅದರ ಮೇಲೆ ಹಾರ್ನ್ ಅನ್ನುವ ಚಿಕ್ಕ ಬಿಲ್ಲೆ ಕೂರುತ್ತದೆ, ಆ ಬಿಲ್ಲೆಗೇ ಕಾಲು ಸೇರುವುದು. ಹಾರ್ನ್ ಒಂದು ಹಲ್ಲು ಆಚೀಚೆ ಕೂತರೆ 360ನ್ನು 25ರಿಂದ ಭಾಗಿಸಿದಷ್ಟು, ಅಂದರೆ 14.4 ಡಿಗ್ರಿ ತಪ್ಪು. ಆದ್ದರಿಂದ ಮೊದಲು ಸರ್ವೋಗೆ ಕರೆಂಟ್ ಕೊಟ್ಟು, 1.5 ಮಿಲಿಸೆಕೆಂಡಿನ ಪಲ್ಸ್ ಕಳಿಸಿ ಅದನ್ನು ನಡುವಿಗೆ ತಂದು ನಿಲ್ಲಿಸಬೇಕು. ಆಮೇಲೆ ಹಾರ್ನ್ ಕೂರಿಸಬೇಕು. ಕೈಪಿಡಿಯಲ್ಲಿ ಇದು ಉಲ್ಟಾ ಇದೆ: ಎಲ್ಲ ಜೋಡಿಸಿ, 40ಕ್ಕೂ ಜಾಸ್ತಿ ಸ್ಕ್ರೂ ಬಿಗಿದು, ಕೊನೆಗೆ ಕರೆಂಟ್ ಕೊಟ್ಟು ಹೊಂದಿಸಿ ಅಂತ. ನಾವು ಹಾಗೇ ಮಾಡಿದೆವು. ಸ್ವಿಚ್ ಹಾಕಿದ್ದೇ ತಡ, ಎಡಗಡೆಯ ಹಿಂಗಾಲು ಸರ್ರನೆ ಮೇಲೆದ್ದು ಮೈಗೆ ಹೋಗಿ ಒತ್ತಿ ನಿಂತಿತು. ಮೋಟರು ಗುಂಯ್ ಅಂತ ನರಳಲು ಶುರು. ಅಣ್ಣನ ಮಗಳು ಓಡಿ ಹೋಗಿ ವೈರ್ ಕಿತ್ತಳು. ಇನ್ನೊಂದು ಅರ್ಧ ನಿಮಿಷ ಬಿಟ್ಟಿದ್ದರೆ ಆ ಸರ್ವೋ ಸುಟ್ಟೇ ಹೋಗುತ್ತಿತ್ತು. ಆಮೇಲೆ ಅಷ್ಟೂ ಬಿಚ್ಚಿ, ಹನ್ನೆರಡೂ ಹಾರ್ನ್ ತೆಗೆದು, ಒಂದೊಂದಾಗಿ ನಡುವಿಗೆ ತಂದು ಮತ್ತೆ ಜೋಡಿಸಿದೆವು. ಒಂದು ಭಾನುವಾರ ಪೂರ್ತಿ ಹೋಯಿತು. ನೀವು ಹಾಗೆ ಮಾಡಬೇಡಿ. ಪೆಟ್ಟಿಗೆ ಬಿಚ್ಚಿದ ಮೇಲೆ ಮೊದಲ ಕೆಲಸ ಹನ್ನೆರಡೂ ಸರ್ವೋಗಳನ್ನು ನಡುವಿಗೆ ತರುವುದು. ಸ್ಕ್ರೂ ಡ್ರೈವರ್ ಮುಟ್ಟುವುದು ಆಮೇಲೆ.

ಇನ್ನೊಂದು ವಿಷಯ. ಅಗ್ಗದ ಸರ್ವೋಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. 90 ಡಿಗ್ರಿ ತಿರುಗು ಅಂದರೆ ಒಂದು 84ಕ್ಕೆ ನಿಲ್ಲುತ್ತದೆ, ಇನ್ನೊಂದು 97ರವರೆಗೆ ಹೋಗುತ್ತದೆ. ನಾವು ಕಂಪಾಸ್ ಬಾಕ್ಸಿನ ಕೋನಮಾಪಕವನ್ನೇ ಸರ್ವೋ ಹಿಂದೆ ಅಂಟಿಸಿ, ಹಾರ್ನಿಗೆ ಒಂದು ಊದುಬತ್ತಿ ಕಡ್ಡಿ ಕಟ್ಟಿ, ಪ್ರತಿಯೊಂದಕ್ಕೂ ಐದೈದು ಅಳತೆ ತಗೊಂಡೆವು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದದ್ದು ಅಣ್ಣನ ಮಗಳು. ಹನ್ನೆರಡು ಸರ್ವೋಗೆ ಹನ್ನೆರಡು ಗೆರೆ, ಒಂದೊಂದರ ಇಳಿಜಾರು ಬೇರೆ. ಸರಳರೇಖೆಯ ಸಮೀಕರಣವನ್ನು ಅವಳು ಶಾಲೆಯಲ್ಲಿ ಆಗಲೇ ಓದಿದ್ದಳು. ಅದರಲ್ಲಿ ಬರುವ ಎರಡು ಸಂಖ್ಯೆಗಳನ್ನು ಪ್ರೋಗ್ರಾಮಿನಲ್ಲಿ ತುಂಬಿದ ಮೇಲೆ ನಾಲ್ಕೂ ಕಾಲು ಒಂದೇ ಕೋನಕ್ಕೆ ಬಂದು ನಿಂತದ್ದನ್ನು ನೋಡಿ ಅವಳ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ. ದುಬಾರಿ ಮೋಟರಿದ್ದರೆ ಈ ಪಾಠವೇ ಸಿಗುತ್ತಿರಲಿಲ್ಲ, ಅಲ್ವಾ?

ಈಗ ದೊಡ್ಡ ತಕರಾರು: ಕರೆಂಟು. ಅಂಕ ಕಳೆದದ್ದು ಮುಖ್ಯವಾಗಿ ಇಲ್ಲೇ.

ನಿಂತಾಗ ಎಲ್ಲ ಚೆನ್ನಾಗಿತ್ತು. ನಿಧಾನಕ್ಕೆ ಒಂದೊಂದೇ ಕಾಲು ಎತ್ತಿ ಇಟ್ಟು ನಡೆಯಿತು. ಟ್ರಾಟ್ ಅಂದರೆ ಎದುರು ಮೂಲೆಯ ಎರಡೆರಡು ಕಾಲು ಒಟ್ಟಿಗೆ ಎತ್ತುವ ನಡಿಗೆ. ಅದನ್ನು ಶುರು ಮಾಡಿದ ಕೂಡಲೇ ಎರಡು ಹೆಜ್ಜೆ ಇಟ್ಟು ದೊಪ್ಪನೆ ಕುಸಿಯಿತು. ಎತ್ತಿ ನಿಲ್ಲಿಸಿದರೆ ಮತ್ತೆ ಎರಡು ಹೆಜ್ಜೆ, ಮತ್ತೆ ದೊಪ್. ವಿದ್ಯಾರ್ಥಿಗಳು ಮೂರು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ಕಾಲಿನ ಲೆಕ್ಕ ತಪ್ಪಿರಬೇಕು ಅಂತ ಒಬ್ಬ, ಸೆನ್ಸರ್ ಕೆಟ್ಟಿದೆ ಅಂತ ಇನ್ನೊಬ್ಬ. ನಾಲ್ಕನೇ ದಿನ ಒಬ್ಬಳು ಲ್ಯಾಪ್‌ಟಾಪಿನಲ್ಲಿ ಬೋರ್ಡಿನ ಸಂದೇಶ ತೆರೆದಿಟ್ಟು ನಡೆಸಿ, "ಸರ್, ಇದು ಬೀಳ್ತಾ ಇಲ್ಲ, ರೀಸ್ಟಾರ್ಟ್ ಆಗ್ತಾ ಇದೆ" ಅಂದಳು. ನೋಡಿದರೆ ಬ್ರೌನ್‌ಔಟ್ ಅಂತ ಬರೆದಿದೆ. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಇಎಸ್‌ಪಿ32 ತಾನಾಗಿ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಆ ಹೊತ್ತಿಗೆ ಕಾಲುಗಳಿಗೆ ಹೇಳುವವರು ಯಾರೂ ಇರುವುದಿಲ್ಲ.

ಲೆಕ್ಕ ನೋಡಿ. ಈ ಜಾತಿಯ ಸರ್ವೋ ತಿರುಗಲಾಗದೆ ಸಿಕ್ಕಿಕೊಂಡರೆ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ನಿಂತಲ್ಲಿಂದ ಥಟ್ಟನೆ ಹೊರಡುವಾಗಲೂ ಆ ಕ್ಷಣಕ್ಕೆ ಅಷ್ಟೇ ಎಳೆಯುತ್ತದೆ. ಹನ್ನೆರಡೂ ಒಟ್ಟಿಗೆ ಎಳೆದರೆ 30 ಆಂಪಿಯರ್. ಕಿಟ್ಟಿನ ಜೊತೆ ಬಂದ ಕನ್ವರ್ಟರ್ ಮೇಲೆ ಬರೆದಿರುವುದು 5. ಅದರ ಮೇಲೆ, ಇಎಸ್‌ಪಿ32ಗೂ ಅದೇ ಕನ್ವರ್ಟರಿನಿಂದಲೇ ಕರೆಂಟು. ವೈರುಗಳೋ ಸೇವಿಗೆ ಎಳೆಯಷ್ಟು ಸಣ್ಣ. ಇದು ವಿನ್ಯಾಸದಲ್ಲೇ ಇರುವ ತಪ್ಪು, ಕಲಿಯುವವರ ತಪ್ಪಲ್ಲ. ಮಾರುವವರಿಗೆ ಬರೆದು ಕೇಳಿದೆವು, "ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ" ಅಂತ ಉತ್ತರ ಬಂತು. ಅದರಿಂದ ಏನೂ ಆಗಲಿಲ್ಲ.

ನಾವು ಮಾಡಿದ್ದು ಇಷ್ಟು. ಆ ಒಂದು ಕನ್ವರ್ಟರ್ ತೆಗೆದು, ಮುಂಗಾಲುಗಳಿಗೆ ಒಂದು, ಹಿಂಗಾಲುಗಳಿಗೆ ಒಂದು ಅಂತ 10 ಆಂಪಿಯರಿನ ಎರಡು ಹಾಕಿದೆವು. ಇಎಸ್‌ಪಿ32ಗೆ ಬ್ಯಾಟರಿಯಿಂದ ನೇರವಾಗಿ ಬೇರೆಯದೇ ಚಿಕ್ಕ ಕನ್ವರ್ಟರ್. ಪಿಸಿಎ9685 ಬೋರ್ಡಿನ ಸಣ್ಣ ತಾಮ್ರದ ಗೆರೆಗಳ ಮೂಲಕ ಅಷ್ಟು ಕರೆಂಟ್ ಹರಿಸದೆ, ಸರ್ವೋಗಳ ಕೆಂಪು, ಕಂದು ವೈರುಗಳನ್ನು ದಪ್ಪ ವೈರಿಗೆ ಬೆಸುಗೆ ಹಾಕಿ, ಬೋರ್ಡಿನಿಂದ ಸಿಗ್ನಲ್ ಮಾತ್ರ ತಗೊಂಡೆವು. ಪಕ್ಕದಲ್ಲೇ, ವೋಲ್ಟೇಜ್ ಥಟ್ಟನೆ ಕುಸಿಯದಂತೆ ತಡೆಯುವ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಒಂದೊಂದು. ಎಲ್ಲದರ ಗ್ರೌಂಡ್ ವೈರ್ ಒಂದೇ ಕಡೆ ಸೇರಬೇಕು, ಇದನ್ನು ಮರೆತರೆ ಸರ್ವೋಗಳು ಮಲೇರಿಯಾ ಬಂದ ಹಾಗೆ ನಡುಗುತ್ತವೆ. ಇಷ್ಟಾದ ಮೇಲೆ ಪ್ರೋಗ್ರಾಮಿನ ಒಂದು ಸಾಲೂ ಬದಲಿಸದೆ ಟ್ರಾಟ್ ನಡೆಯಿತು. ಲ್ಯಾಬಿನ ಈ ತುದಿಯಿಂದ ಆ ತುದಿಗೆ. ನಾಲ್ಕೂ ಜನ ಅದರ ಹಿಂದೆ ಬಗ್ಗಿಕೊಂಡೇ ನಡೆದರು.

ಬ್ಯಾಟರಿ ಬಗ್ಗೆ ಎರಡು ಮಾತು. ಎರಡು ಸೆಲ್ಲಿನ ಲಿಥಿಯಂ ಪಾಲಿಮರ್, 7.4 ವೋಲ್ಟು, 2200 ಎಂಎಎಚ್ ನಾವು ಬಳಸಿದ್ದು. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟು ಇರುತ್ತದೆ, ಕನ್ವರ್ಟರ್ ಇಲ್ಲದೆ ಸರ್ವೋಗೆ ನೇರ ಕೊಟ್ಟರೆ ಸರ್ವೋ ಹಾಳಾಗುತ್ತದೆ. ಒಂದು ಸೆಲ್ 3.5 ವೋಲ್ಟಿಗೆ ಬಂದಾಗ ನಿಲ್ಲಿಸಿ, 3ರ ಕೆಳಗೆ ಇಳಿಯಲು ಬಿಡಲೇಬೇಡಿ. ಕೂಗುವ ಚಿಕ್ಕ ಅಲಾರಂ ಸಿಗುತ್ತದೆ, ಅದನ್ನು ಸಿಕ್ಕಿಸಿಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮತ್ತೆ ಬಳಸಬೇಡಿ. ಮಕ್ಕಳು ಇರುವ ಕಡೆ ಚಾರ್ಜ್ ಮಾಡುವಾಗ ದೊಡ್ಡವರೊಬ್ಬರು ಅಲ್ಲೇ ಇರಬೇಕು. ಒಂದು ಚಾರ್ಜಿಗೆ ನಮಗೆ ಸುಮಾರು ಅರ್ಧ ಗಂಟೆ ನಡಿಗೆ ಸಿಗುತ್ತದೆ.

ಇನ್ನು ನಡಿಗೆ. ಈ ಕಿಟ್ ನನಗೆ ಯಾಕೆ ಇಷ್ಟವಾಯಿತು ಅನ್ನುವುದು ಇಲ್ಲಿದೆ.

ಪಾದ ಎಲ್ಲಿರಬೇಕು ಅಂತ ನಾವು ಹೇಳಬೇಕು, ಅದಕ್ಕೆ ಮಂಡಿ ಎಷ್ಟು ಮಡಚಬೇಕು, ತೊಡೆ ಎಷ್ಟು ವಾಲಬೇಕು ಅಂತ ಪ್ರೋಗ್ರಾಂ ಲೆಕ್ಕ ಹಾಕಬೇಕು. ಕೇಳಲು ದೊಡ್ಡದು ಅನಿಸುತ್ತದೆ, ಆದರೆ ಒಂದು ಕಾಲು ಅಂದರೆ ಒಂದು ತ್ರಿಕೋನ, ಅಷ್ಟೇ. ತೊಡೆ 80 ಮಿಮೀ, ಕೆಳಗಾಲು 80 ಮಿಮೀ, ಸೊಂಟದಿಂದ ಪಾದ ನೇರ ಕೆಳಗೆ 120 ಮಿಮೀ. ಮೂರೂ ಬದಿ ಗೊತ್ತಿದ್ದರೆ ಕೋನ ಗೊತ್ತಾಗುತ್ತದೆ. ಕೊಸೈನ್ ನಿಯಮ ಹಾಕಿದರೆ ಮಂಡಿಯ ಕೋನ ಸುಮಾರು 97 ಡಿಗ್ರಿ. ಅಣ್ಣನ ಮಗಳಿಗೆ ಕೊಸೈನ್ ನಿಯಮ ಇನ್ನೂ ಬಂದಿಲ್ಲ. ಅವಳು ಎರಡು ಐಸ್‌ಕ್ರೀಮ್ ಕಡ್ಡಿಗಳನ್ನು ಗುಂಡುಪಿನ್ನಿನಿಂದ ಸೇರಿಸಿ, ಹಾಳೆಯ ಮೇಲೆ 120 ಮಿಮೀ ದೂರಕ್ಕೆ ಎರಡು ತುದಿ ಇಟ್ಟು, ಕೋನಮಾಪಕದಿಂದ ಅಳೆದು 97 ಅಂದಳು. ನನ್ನ ಲೆಕ್ಕ, ಅವಳ ಕಡ್ಡಿ, ರೋಬಾಟಿನ ಮಂಡಿ, ಮೂರೂ ಒಂದೇ ಉತ್ತರ ಹೇಳಿದವು.

ಒಂದು ಸಂಜೆ ರೋಬಾಟನ್ನು ಸುಮ್ನೆ ನಿಲ್ಲಿಸಿಟ್ಟಿದ್ದೆವು. ಅದು ನಡೆಯುತ್ತಲೂ ಇರಲಿಲ್ಲ. ಅವಳು ಕಾಲು ಮುಟ್ಟಿ ನೋಡಿ, "ಚಿಕ್ಕಪ್ಪ, ಇದರ ಮಂಡಿ ಯಾಕೆ ಇಷ್ಟು ಬಿಸಿ? ಸುಮ್ನೆ ನಿಂತಿದೆ ಅಷ್ಟೇ ಅಲ್ವಾ?" ಅಂತ ಕೇಳಿದಳು. ಅವಳನ್ನೇ ಎದ್ದು ನಿಂತು, ಮಂಡಿ ಅರ್ಧ ಮಡಚಿ ಹಾಗೇ ಇರು ಅಂದೆ. ಒಂದು ನಿಮಿಷಕ್ಕೆ ತೊಡೆ ನಡುಗಿತು. ಅವಳಿಗೆ ಗೊತ್ತಾಯಿತು. ನೇರ ನಿಂತರೆ ತೂಕ ಎಲುಬಿನ ಮೇಲೆ, ಅರೆ ಕುಕ್ಕರಗಾಲಿನಲ್ಲಿ ನಿಂತರೆ ತೂಕವೆಲ್ಲ ಮಾಂಸಖಂಡದ ಮೇಲೆ. ರೋಬಾಟಿಗೂ ಹಾಗೇ.

ಇದನ್ನು ಅಂಕಿಯಲ್ಲಿ ನೋಡಿದರೆ ಇನ್ನೂ ಚೆನ್ನ. 120 ಮಿಮೀ ಎತ್ತರದಲ್ಲಿ ನಿಂತಾಗ ಮಂಡಿ ಪಾದದ ನೇರಕ್ಕಿಂತ 53 ಮಿಮೀ ಆಚೆ ಇರುತ್ತದೆ. ಟ್ರಾಟಿನಲ್ಲಿ ಎರಡು ಕಾಲು 1.3 ಕೆಜಿ ಹೊರಬೇಕು, ಒಂದಕ್ಕೆ 0.65. ಇವೆರಡನ್ನು ಗುಣಿಸಿದರೆ ಒಂದು ಮಂಡಿಗೆ ಸುಮಾರು 3.4 ಕೆಜಿ-ಸೆಂಮೀ (ತಿರುಗಿಸುವ ಬಲದ ಅಳತೆ) ಭಾರ. ಅದೇ ಮೈಯನ್ನು 145 ಮಿಮೀಗೆ ಎತ್ತಿದರೆ ಮಂಡಿ 34 ಮಿಮೀ ಮಾತ್ರ ಆಚೆ, ಭಾರ 2.2ಕ್ಕೆ ಇಳಿಯುತ್ತದೆ. ಎರಡೂವರೆ ಸೆಂಟಿಮೀಟರ್ ಎತ್ತರ ನಿಂತದ್ದಕ್ಕೆ ಮೂರನೇ ಒಂದು ಭಾಗ ಭಾರ ಕಡಿಮೆ! ಈ ಸರ್ವೋಗಳ ಗರಿಷ್ಠ ಬಲ 4.8 ವೋಲ್ಟಿನಲ್ಲಿ 9.4 ಕೆಜಿ-ಸೆಂಮೀ ಅಂತ ಬರೆದಿರುತ್ತಾರೆ. ಅದು ಮೋಟರು ಸಿಕ್ಕಿಕೊಂಡು ನಿಂತಾಗಿನ ಅಂಕಿ, ದಿನವಿಡೀ ದುಡಿಯುವ ಅಂಕಿಯಲ್ಲ. ಅದರ ಮೂರನೇ ಒಂದು ಭಾಗ ಮೀರಿದರೆ ಬಿಸಿ ಏರುತ್ತಲೇ ಹೋಗುತ್ತದೆ. ಕಿಟ್ಟಿನ ಪ್ರೋಗ್ರಾಂ 120ರಲ್ಲಿ ನಿಲ್ಲಿಸುತ್ತದೆ, ನೀವು ಮೊದಲ ದಿನವೇ 140ರ ಮೇಲೆ ಇಡಿ. ಪೂರ್ತಿ 160ಕ್ಕೆ ನೇರ ಮಾಡಬೇಡಿ, ಹೆಜ್ಜೆ ಮುಂದೆ ಚಾಚಲು ಕಾಲಿಗೆ ಉದ್ದವೇ ಉಳಿಯುವುದಿಲ್ಲ.

ಯಾವ ಕಾಲಿನ ಹಿಂದೆ ಯಾವುದು ಅನ್ನುವುದೂ ಆಟವಾಡಿ ಕಲಿಯುವ ವಿಷಯ. ಒಂದೊಂದೇ ಕಾಲು ಎತ್ತುವುದಾದರೆ ನಾಲ್ಕು ಕಾಲಿಗೆ ಆರು ಬಗೆಯ ಕ್ರಮ ಇದೆ. ನೆಲದಲ್ಲಿರುವ ಮೂರು ಪಾದಗಳು ಮಾಡುವ ತ್ರಿಕೋನದ ಒಳಗೆ ರೋಬಾಟಿನ ತೂಕದ ನಡುಬಿಂದು ಇರಬೇಕು, ಹೊರಗೆ ಹೋಯಿತೋ ಆ ಕಡೆಗೆ ಬೀಳುತ್ತದೆ. ಮೆಕ್‌ಗೀ ಮತ್ತು ಫ್ರಾಂಕ್ ಅನ್ನುವ ಸಂಶೋಧಕರು 1968ರಲ್ಲೇ ಈ ಆರನ್ನೂ ಲೆಕ್ಕ ಹಾಕಿ ಯಾವುದು ಹೆಚ್ಚು ಭದ್ರ ಅಂತ ತೋರಿಸಿದ್ದಾರೆ. ನಾನು ಮಕ್ಕಳಿಗೆ ಉತ್ತರ ಹೇಳಲಿಲ್ಲ. ಆರನ್ನೂ ನಡೆಸಿ ನೋಡಿದರು. ಕೊನೆಗೆ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಈ ಕ್ರಮದಲ್ಲಿ ಕಡಿಮೆ ಓಲಾಡುತ್ತದೆ ಅಂತ ಅವರೇ ಕಂಡುಕೊಂಡರು. ನಿಧಾನಕ್ಕೆ ನಡೆಯುವ ಹಸುವನ್ನು ನಿಂತು ನೋಡಿ, ಅದೂ ಹೀಗೇ ಕಾಲು ಹಾಕುತ್ತದೆ.

ಪಾದ ಜಾರುವುದು ಒಂದು ತೊಂದರೆ. ಬರೀ ಪ್ಲಾಸ್ಟಿಕ್ ಪಾದ, ನುಣುಪು ನೆಲದಲ್ಲಿ ಹೆಜ್ಜೆ ಹಾಕುತ್ತದೆ ಆದರೆ ಮುಂದೆ ಹೋಗುವುದಿಲ್ಲ. ಹಳೇ ಸೈಕಲ್ ಟ್ಯೂಬನ್ನು ಕತ್ತರಿಸಿ ಪಾದಕ್ಕೆ ಅಂಟಿಸಿದೆವು, ಆಯಿತು. ಕಿಟ್ಟಿನಲ್ಲೇ ನಾಲ್ಕು ರಬ್ಬರ್ ಟೋಪಿ ಕೊಡಬಹುದಿತ್ತು.

ಪ್ರೋಗ್ರಾಮಿನ ವಿಷಯ ಜಾಸ್ತಿ ಹೇಳಲ್ಲ. ಕೋಡ್ ತೆರೆದಿದೆ, ಬದಲಿಸಬಹುದು, ಓದಲು ಸುಲಭ. ವಿವರಣೆ ಮಾತ್ರ ತುಂಬಾ ಕಡಿಮೆ. ವಾಲುವಿಕೆಯ ಸೆನ್ಸರ್ ಕೊಟ್ಟಿದ್ದಾರೆ ಆದರೆ ಕಿಟ್ಟಿನ ಕೋಡಿನಲ್ಲಿ ಅದನ್ನು ಬಳಸಿಯೇ ಇಲ್ಲ! ಹಲಗೆ ಓರೆ ಮಾಡಿದರೆ ಮೈ ಮಟ್ಟಸ ಇಟ್ಟುಕೊಳ್ಳುವ ಭಾಗವನ್ನು ವಿದ್ಯಾರ್ಥಿಗಳೇ ಬರೆದರು. ಹತ್ತು ದಿನ ಹಿಡಿಯಿತು.

ಈಗ ಸಂಶೋಧನೆಗೆ ಇದು ಸಾಕಾಗುತ್ತದಾ ಅನ್ನುವ ಪ್ರಶ್ನೆ. ಮಾರುವವರು ಸಂಶೋಧನೆಗೂ ತಕ್ಕದ್ದು ಅಂತ ಬರೆದಿದ್ದಾರೆ. ಅರ್ಧ ಮಾತ್ರ ನಿಜ.

ಸರ್ವೋದ ದೊಡ್ಡ ಕೊರತೆ ಏನೆಂದರೆ ಅದು ಮಾತು ಕೇಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. 45 ಡಿಗ್ರಿಗೆ ಹೋಗು ಅಂದರೆ ಹೋಯಿತಾ, ಎಷ್ಟು ಬಲ ಹಾಕಿತು, ಪಾದ ನೆಲ ಮುಟ್ಟಿತಾ, ಒಂದೂ ತಿಳಿಯುವುದಿಲ್ಲ. ಒಳಗೆ ಕೋನ ಅಳೆಯುವ ಪೊಟೆನ್ಷಿಯೋಮೀಟರ್ ಇದ್ದೇ ಇದೆ, ಅದರ ವೈರು ಮಾತ್ರ ಹೊರಗೆ ಬಂದಿಲ್ಲ. ಒಬ್ಬ ವಿದ್ಯಾರ್ಥಿ ಒಂದು ಮಂಡಿಯ ಸರ್ವೋ ಬಿಚ್ಚಿ, ಆ ಪೊಟೆನ್ಷಿಯೋಮೀಟರಿನ ನಡುವಿನ ಕಾಲಿಗೆ ನಾಲ್ಕನೇ ವೈರ್ ಬೆಸೆದು ಹೊರಗೆ ತಂದ. ಕೂದಲೆಳೆಯಷ್ಟು ಜಾಗದಲ್ಲಿ ಬೆಸುಗೆ, ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆಮೇಲೆ ಓದಿದರೆ, 45 ಅಂದಾಗ ಗಾಳಿಯಲ್ಲಿ ಕಾಲು 45ಕ್ಕೇ ಹೋಗುತ್ತದೆ. ನೆಲದ ಮೇಲೆ ತೂಕ ಬಿದ್ದಾಗ 41ರಲ್ಲೇ ನಿಂತುಬಿಡುತ್ತದೆ. ತಪ್ಪು ಜಾಸ್ತಿ ಇದ್ದಷ್ಟೂ ಜಾಸ್ತಿ ತಳ್ಳುವ ಸರಳ ಲೆಕ್ಕ ಅದರ ಒಳಗಿದೆ. ತೂಕವನ್ನು ತಡೆಯಲು ಬೇಕಾದಷ್ಟು ತಳ್ಳಬೇಕಾದರೆ ಸ್ವಲ್ಪ ತಪ್ಪು ಉಳಿಯಲೇಬೇಕು. ಕ್ಲಾಸಿನಲ್ಲಿ ಇದನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ನಾಲ್ಕು ಡಿಗ್ರಿಯನ್ನು ಕಣ್ಣೆದುರು ನೋಡಿದ್ದು ಅವರಿಗೂ ಮೊದಲು, ನನಗೂ ಮೊದಲು.

ಗೇರಿನ ಸಡಿಲ ಇನ್ನೊಂದು. ಎರಡು ಡಿಗ್ರಿ ಸಡಿಲ ಇದ್ದರೂ 80 ಮಿಮೀ ಉದ್ದದ ಕಾಲಿನ ತುದಿಯಲ್ಲಿ ಸುಮಾರು 3 ಮಿಮೀ ಅಲುಗಾಟ. ಕಂಪ್ಯೂಟರಿನ ಸಿಮ್ಯುಲೇಶನ್‌ನಲ್ಲಿ ಚೆಂದ ನಡೆದದ್ದು ಇಲ್ಲಿ ತಡವರಿಸಲು ಇದೂ ಒಂದು ಕಾರಣ. ನೆಲದ ಬಲ ಅರಿತು ಜಿಗಿಯುವ, ತಳ್ಳಿದರೆ ಸಾವರಿಸಿಕೊಳ್ಳುವ ಕೆಲಸಕ್ಕೆ ಬೇರೆಯೇ ಮೋಟರು ಬೇಕು. ಎಂಐಟಿಯ ಮಿನಿ ಚೀತಾ 2019ರಲ್ಲಿ ಹಿಂದಕ್ಕೆ ಪಲ್ಟಿ ಹೊಡೆದು ತೋರಿಸಿತಲ್ಲ, ಅದರಲ್ಲೂ ಇರುವುದು 12 ಮೋಟರೇ, ತೂಕ 9 ಕೆಜಿ. ಆದರೆ ಆ ಮೋಟರುಗಳಲ್ಲಿ ಗೇರು ಕಡಿಮೆ, ಎಷ್ಟು ಬಲ ಬೇಕೋ ಅಷ್ಟು ಅಂತ ಹೇಳಬಹುದು. ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಮಾಡಿದ ಸೋಲೋ 8 ಕೂಡ ಅದೇ ದಾರಿಯದು, 2.2 ಕೆಜಿ, 8 ಮೋಟರು, ವಿನ್ಯಾಸ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಿಮ್ಮ ಪ್ರಬಂಧಕ್ಕೆ ಬಲದ ಲೆಕ್ಕ ಬೇಕಿದ್ದರೆ ಅಂಥದ್ದಕ್ಕೆ ಹೋಗಿ, ಇದರಲ್ಲಿ ಸಮಯ ಕಳೆಯಬೇಡಿ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಪಪ್ಪರ್ ನಡುವಿನ ದಾರಿ: ಅದರ ಮೊದಲ ಮಾದರಿಯಲ್ಲೂ 12 ಸರ್ವೋಗಳೇ, ಆದರೆ ಇವಕ್ಕಿಂತ ಗಟ್ಟಿಯಾದವು, ಕೋಡೂ ಚೆನ್ನಾಗಿ ಬರೆದದ್ದು.

ಹಾಗಂತ ಸರ್ವೋ ರೋಬಾಟಿನಲ್ಲಿ ಸಂಶೋಧನೆ ಆಗುವುದೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಂಐಟಿಯ ರೋಬಾಟ್ ಸಂಶೋಧಕ ರಾಡ್ನಿ ಬ್ರೂಕ್ಸ್ ಅವರ ಗುಂಪು 1989ರ ಸುಮಾರಿಗೆ ಮಾಡಿದ ಗೆಂಗಿಸ್ ಅನ್ನುವ ಆರು ಕಾಲಿನ ರೋಬಾಟ್ ಇದೆಯಲ್ಲ, ಅದರ ತೂಕ ಸುಮಾರು 1 ಕೆಜಿ. ಕಾಲಿಗೆ ಎರಡರಂತೆ 12 ಸರ್ವೋ, ಅವು ಆಟದ ವಿಮಾನಗಳಿಗೆ ಹಾಕುವಂಥವು. ನಮ್ಮ ಮೇಜಿನ ಮೇಲಿರುವುದರಲ್ಲೂ ಅಷ್ಟೇ ಮೋಟರು. ಅದರಲ್ಲಿ ಅವರು ಕೇಳಿದ ಪ್ರಶ್ನೆ ದೊಡ್ಡದು: ನಡೆಯಲು ಎಲ್ಲವನ್ನೂ ನಿಯಂತ್ರಿಸುವ ಒಂದು ಮಿದುಳು ಬೇಕೇ ಬೇಕಾ, ಚಿಕ್ಕ ಚಿಕ್ಕ ನಿಯಮಗಳು ಸೇರಿದರೆ ಸಾಕಾ? ಅಂಥ ಪ್ರಶ್ನೆಗೆ ಈ ಕಿಟ್ ಇವತ್ತಿಗೂ ಸಾಕು.

ನಮ್ಮವರು ಹಿಡಿದದ್ದು ಇನ್ನೊಂದು ಪ್ರಶ್ನೆ, ನಡಿಗೆಗೆ ಎಷ್ಟು ಶಕ್ತಿ ಖರ್ಚು ಅಂತ. ಬ್ಯಾಟರಿಯ ಬಾಯಲ್ಲಿ ಮೀಟರ್ ಇಟ್ಟು ನೋಡಿದರೆ ಸುಮಾರು 24 ವ್ಯಾಟ್. ಎರಡು ಮೀಟರ್ ನಡೆಯಲು 25 ಸೆಕೆಂಡ್, ಅಂದರೆ ಸೆಕೆಂಡಿಗೆ 8 ಸೆಂಮೀ. ಈ ವ್ಯಾಟ್ ಅಂಕಿಯನ್ನು ತೂಕ (ನ್ಯೂಟನ್‌ನಲ್ಲಿ) ಮತ್ತು ವೇಗದಿಂದ (ಸೆಕೆಂಡಿಗೆ ಮೀಟರಿನಲ್ಲಿ) ಭಾಗಿಸಿದರೆ ಸುಮಾರು 23 ಬಂತು. ಮನುಷ್ಯರ ನಡಿಗೆಗೆ ಇದೇ ಲೆಕ್ಕ 1ಕ್ಕಿಂತ ಕಡಿಮೆ ಬರುತ್ತದೆ. ಟ್ಯಾಡ್ ಮೆಕ್‌ಗೀರ್ ಅನ್ನುವ ಸಂಶೋಧಕರು 1990ರಲ್ಲಿ ಮೋಟರೇ ಇಲ್ಲದ ಕಾಲುಗಳು ಇಳಿಜಾರಿನಲ್ಲಿ ತಾವಾಗಿ ನಡೆಯುವುದನ್ನು ತೋರಿಸಿದ್ದರು. ಅದನ್ನು ಓದಿದ ಮೇಲೆ ಹುಡುಗರಿಗೆ ಹಠ ಬಂತು. ಮೈ ಎತ್ತರಿಸಿ, ಕಾಲು ಬೇಕಾದ್ದಕ್ಕಿಂತ ಮೇಲೆ ಎತ್ತುವುದನ್ನು ಕಡಿಮೆ ಮಾಡಿ, ಹೆಜ್ಜೆ ಉದ್ದ ಮಾಡಿ, 23ನ್ನು 15ಕ್ಕೆ ತಂದಿದ್ದಾರೆ. ಇನ್ನೂ ಇಳಿಸುತ್ತಿದ್ದಾರೆ.

ಚಿಕ್ಕ ಮಕ್ಕಳಿಗೆ, ಅಂದರೆ ಹತ್ತು ಹನ್ನೊಂದು ವರ್ಷದವರಿಗೆ ಈ ಕಿಟ್ ಕೊಡಬೇಡಿ. ಅವರಿಗೆ ಒಂದೇ ಮೋಟರಿನ, ಕಡ್ಡಿಗಳ ಜೋಡಣೆಯಿಂದ ನಡೆಯುವಂಥದ್ದು ಮಾಡಿಸಿ. ರಷ್ಯಾದ ಗಣಿತಜ್ಞ ಚೆಬಿಷೆವ್ ಅಂಥ ನಡೆಯುವ ಯಂತ್ರವನ್ನು 1878ರ ಪ್ಯಾರಿಸ್ ಪ್ರದರ್ಶನದಲ್ಲೇ ಇಟ್ಟಿದ್ದರು, ಗಟ್ಟಿ ರಟ್ಟು ಮತ್ತು ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡಬಹುದು. ಬೆಸುಗೆ ಇಲ್ಲ, ಕೋಡ್ ಇಲ್ಲ, ಕಾಲು ಹೇಗೆ ಎತ್ತಿ ಇಡುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಎಂಟು ಸರ್ವೋದ ಚಿಕ್ಕ ಕಿಟ್‌ಗಳೂ ಇವೆ, ಹಗುರ, ಕರೆಂಟಿನ ಕಾಟ ಕಡಿಮೆ. ಆದರೆ ಅವುಗಳ ಸೊಂಟ ಅಕ್ಕಪಕ್ಕ ಸರಿಯುವುದಿಲ್ಲ, ತೂಕವನ್ನು ಆ ಕಡೆ ಈ ಕಡೆ ವಾಲಿಸುವ ಪಾಠ ತಪ್ಪಿಹೋಗುತ್ತದೆ. ಹೈಸ್ಕೂಲಿನ ಮಕ್ಕಳು ದೊಡ್ಡವರ ಜೊತೆ ಕೂತು ಮಾಡುವುದಾದರೆ ಹನ್ನೆರಡರದ್ದೇ ಇರಲಿ.

ತರಿಸುವಾಗ ಮೂರು ಸರ್ವೋ ಜಾಸ್ತಿ ತರಿಸಿ. ನಮಗೆ ಎರಡು ತಿಂಗಳಲ್ಲಿ ಎರಡು ಹೋದವು, ಎರಡೂ ಮಂಡಿಯವೇ. ಬಿಚ್ಚಿ ನೋಡಿದರೆ ಒಂದರಲ್ಲಿ ಗೇರಿನ ಮೂರು ಹಲ್ಲು ಸವೆದಿತ್ತು, ಇನ್ನೊಂದರ ಮೋಟರೇ ಸುಟ್ಟಿತ್ತು. ಸವೆದದ್ದಕ್ಕೆ ಸುಟ್ಟದ್ದರ ಗೇರು ಹಾಕಿ ಅಣ್ಣನ ಮಗಳು ಒಂದನ್ನು ಉಳಿಸಿದಳು. ಹಾಕುವ ಮೊದಲು ಕೋನಮಾಪಕ ಹಿಡಿದು ಅದರ ಗೆರೆಯನ್ನೂ ಹೊಸದಾಗಿ ಎಳೆದಳು. ಈಗ ಅದು ಬಲಗಡೆಯ ಮುಂಗಾಲಿನಲ್ಲಿದೆ.